ತಿಂಗಳಿಗೆ ಹನ್ನೆರಡು ವಿಮಾನ, ಒಂದು ಬೊಟ್ಟು ಕುಂಕುಮ

ಟಿ. ದಾಸರಹಳ್ಳಿಯ ಒಂದು ಶೀಟಿನ ಶೆಡ್ಡಿನಲ್ಲಿ ಕೂತು ವಿಮಾನದ ಕೆಲಸ ಮಾಡುತ್ತೇನೆ ಎಂದರೆ ಸಂಜಯನಗರದ ನಮ್ಮ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬಿದವರಿಗೆ, ನಾವು ಮಾಡುವುದು ಅಂಗೈಯಗಲದ ಒಂದು ಬ್ರಾಕೆಟ್ ಮಾತ್ರ ಎಂದು ಹೇಳಿ ನಾನೇ ನಿರಾಸೆ ಮಾಡುತ್ತಿದ್ದೆ. ದೊಡ್ಡ ವಿಮಾನ, ಅಂದರೆ ಒಳಗೆ ಓಡಾಡಲು ಎರಡು ದಾರಿ ಇರುತ್ತದಲ್ಲ ಅದು, ಅದರಲ್ಲಿ ತಲೆಯ ಮೇಲಿನ ಸಾಮಾನು ಪೆಟ್ಟಿಗೆಯನ್ನು ಹಿಡಿದುಕೊಳ್ಳುವ ತುಂಡು. ಇಂಥ ಕಡೆ ನಗುವ ಪ್ರಸಂಗಗಳನ್ನು ಯಾರೂ ಹುಡುಕಿಕೊಂಡು ಹೋಗಬೇಕಿಲ್ಲ. ಅವು ನಮ್ಮ ಜೊತೆಯಲ್ಲೇ ಬೆಳಿಗ್ಗೆ ಕಾರ್ಡ್ ಪಂಚ್ ಮಾಡಿ ಒಳಗೆ ಬರುತ್ತವೆ.

ನಾನು ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೆ. ನಮ್ಮ ಯಜಮಾನರು ಅಟ್ಟೂರಿನ ಹಳೇ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಜಾಗ ಲೇಔಟ್ ಆದ ಮೇಲೆ ಬ್ರಾಕೆಟ್ ಕೊರೆಯುವ ಮೆಷಿನ್ ಹಾಕಿದವರು. ಒಂದು ಸಾಲದೆಂದು ಎರಡನೆಯದನ್ನೂ ತರಿಸಿ, ಅದರ ಮೇಲೆ ನೀಲಿ ಟಾರ್ಪಾಲ್ ಹೊದಿಸಿ ಇಟ್ಟಿದ್ದರು. ಅದು ಓಡಬೇಕಾದರೆ ಗಿರಾಕಿ ಕಾರ್ಖಾನೆಯವರು ತಿಂಗಳಿಗೆ ಹತ್ತು ವಿಮಾನ ಕಟ್ಟುವುದನ್ನು ಹನ್ನೆರಡಕ್ಕೆ ಏರಿಸಬೇಕಿತ್ತು. ಯಜಮಾನರು ದಿನಾ ಬಂದು ಮೊದಲು ಆ ಟಾರ್ಪಾಲಿನ ಧೂಳು ಕೊಡವುತ್ತಿದ್ದರು.

ಮೈಸೂರು ಪಾಕು

ಯಾವುದೋ ಮರಳುನಾಡಿನ ಏರ್‌ಲೈನ್ ಒಂದೇ ಏಟಿಗೆ ರಾಶಿ ದೊಡ್ಡ ವಿಮಾನಗಳಿಗೆ ಆರ್ಡರ್ ಕೊಟ್ಟಿತೆಂದು ಪೇಪರಿನಲ್ಲಿ ಬಂತು. ಯಜಮಾನರು ಆರ್.ಟಿ. ನಗರದಿಂದ ಮೈಸೂರು ಪಾಕು ತಂದು ಎಲ್ಲರ ಕೈಗೂ ಇಟ್ಟರು.

"ತಗೊಳ್ರೀ ಪ್ಲಾನಿಂಗು. ನಾಳೆಯಿಂದ ಎರಡನೇ ಮೆಷಿನ್ನು ಸುರು."

"ಸಾರ್, ಆರ್ಡರ್ ಬೇರೆ, ಡೆಲಿವರಿ ಬೇರೆ. ಇವರ ಕೊನೇ ವಿಮಾನ ಕೈಗೆ ಸಿಗೋದು ಎಂಟ್ಹತ್ತು ವರ್ಷ ಆದ್ಮೇಲೆ. ಅಲ್ಲೀವರೆಗೂ ಕಾರ್ಖಾನೆಯೋರು ತಿಂಗಳಿಗೆ ಅದೇ ಹತ್ತು ಕಟ್ತಾರೆ."

ಯಜಮಾನರು ಸ್ವಲ್ಪ ಹೊತ್ತು ಅಗಿದರು. "ಅಂಗಾದ್ರೆ ಇದು ಬರೀ ನಿಶ್ಚಿತಾರ್ಥ ಅನ್ನಿ."

"ಹೌದು ಸಾರ್."

"ಮದುವೆ ಇನ್ನೂ ಐತೆ."

ಮದುವೆ ಆಗಲಿಲ್ಲ. ಎರಡು ವರ್ಷದ ಮೇಲೆ ಅದೇ ಏರ್‌ಲೈನ್ ಅರ್ಧ ಆರ್ಡರನ್ನು ವಾಪಸ್ ತೆಗೆದುಕೊಂಡಿತು. ಅವತ್ತೇ ನೋಟಿಸ್ ಬೋರ್ಡಿನಲ್ಲಿ ಹೊಸ ನಿಯಮ ಬಂತು: ಆರ್ಡರ್ ಸುದ್ದಿಗೆ ಪೆಪ್ಪರ್‌ಮೆಂಟು, ಡೆಲಿವರಿ ಸುದ್ದಿಗೆ ಮೈಸೂರು ಪಾಕು. ತೊಂದರೆ ಏನೆಂದರೆ, ಆರ್ಡರ್ ಕೊಟ್ಟರೆ ಪೇಪರಿನವರು ಮುಖಪುಟದಲ್ಲಿ ಹಾಕುತ್ತಾರೆ, ಡೆಲಿವರಿಯಾದರೆ ಒಂದು ಸಾಲೂ ಬರೆಯುವುದಿಲ್ಲ. ನಾಲ್ಕು ವರ್ಷ ಇಡೀ ಶೆಡ್ಡು ಪೆಪ್ಪರ್‌ಮೆಂಟು ಚೀಪಿತು.

ಕಕ್ಕಸಿನ ಬಾಗಿಲು

ಗಿರಾಕಿ ಕಂಪನಿಯಿಂದ ವರ್ಷಕ್ಕೊಮ್ಮೆ ಒಬ್ಬ ವಿದೇಶಿ ಸಾಹೇಬರು ತಪಾಸಣೆಗೆ ಬರುತ್ತಿದ್ದರು. ಎತ್ತರದ ಆಳು, ಮಾತು ಕಡಿಮೆ, ಏನು ಹೇಳಿದರೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಅಭ್ಯಾಸ. ನಡುವೆ ನಾನು ತರ್ಜುಮೆಗೆ.

ಒಂದು ಸಲ ಯಜಮಾನರು ಕೇಳೇ ಬಿಟ್ಟರು, ಹತ್ತು ಯಾವಾಗ ಹನ್ನೆರಡಾಗುತ್ತದೆ ಅಂತ. ಸಾಹೇಬರು ಬೇಸರದಿಂದ ಹೇಳಿದರು: ವಿಮಾನಗಳು ತಯಾರಾಗಿ ಬಯಲಿನಲ್ಲಿ ಸಾಲಾಗಿ ನಿಂತಿವೆ. ಕಕ್ಕಸಿನ ಬಾಗಿಲು ಮಾಡುವವರು ತಡ ಮಾಡಿದ್ದಾರೆ. ಬಾಗಿಲಿಲ್ಲದೆ ಡೆಲಿವರಿ ಆಗುವುದಿಲ್ಲ.

ಯಜಮಾನರ ಮುಖ ಅರಳಿತು. ಇದು ಅವರಿಗೆ ಗೊತ್ತಿರುವ ವಿಷಯ.

"ಇದೇನ್ ಮಹಾ. ನಮ್ ಅಟ್ಟೂರಲ್ಲಿ ಎಲ್ಲಾ ಬಿಲ್ಡಿಂಗೂ ಇಂಗೇ. ಕಾರ್ಪೆಂಟ್ರು ಯಾವತ್ತೂ ಟೈಮಿಗೆ ಬರಲ್ಲ. ಅದಕ್ಕೆ ಗೃಹಪ್ರವೇಶ ನಿಲ್ಸಕ್ಕಾಯ್ತದಾ? ಒಂದು ಕರ್ಟನ್ ಕಟ್ಟಿ ಕೊಟ್ಬುಡಿ ಅಂತ ಏಳಿ."

ನಾನು ಇಂಗ್ಲಿಷಿನಲ್ಲಿ, ಯಜಮಾನರು ಒಂದು ತಾತ್ಕಾಲಿಕ ಪರಿಹಾರ ಸೂಚಿಸುತ್ತಿದ್ದಾರೆ ಎಂದಷ್ಟೇ ಹೇಳಿದೆ. ಸಾಹೇಬರು ನೋಟ್‌ಬುಕ್ ತೆಗೆದು ವಿವರ ಕೇಳಿದರು. ಗತಿಯಿಲ್ಲದೆ ಕರ್ಟನ್ ಎಂದೆ. ಅವರು ನಗಲಿಲ್ಲ, ಬರೆದುಕೊಂಡರು. ಬೆಂಕಿ ಹತ್ತಿಕೊಳ್ಳದ ಬಟ್ಟೆ ಇಲ್ಲಿ ಸಿಗುತ್ತದೆಯೇ ಎಂದೂ ಕೇಳಿದರು. ಅದನ್ನು ಮಾತ್ರ ನಾನು ಯಜಮಾನರಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ಸಂಜೆಯೊಳಗೆ ಮೂರು ಬಣ್ಣದಲ್ಲಿ ಮಾದರಿ ಬರುತ್ತಿತ್ತು.

ಐದು ಸಲ ಯಾಕೆ

ಆಯುಧಪೂಜೆಗೆ ನಾವು ಮೆಷಿನ್ ತೊಳೆದು, ಹೂ ಹಾಕಿ, ಬೂದುಗುಂಬಳ ಒಡೆಯುತ್ತೇವೆ. ಆ ವರ್ಷ ಪ್ಯಾಕಿಂಗಿಗೆ ಇಟ್ಟಿದ್ದ ಬ್ರಾಕೆಟ್‌ಗಳಿಗೂ ಯಜಮಾನರು ಭಕ್ತಿಯಿಂದ ಒಂದೊಂದು ಬೊಟ್ಟು ಕುಂಕುಮ ಇಟ್ಟಿದ್ದರು. ಅವು ಹಾಗೇ ಹಡಗು ಹತ್ತಿ ಹೋದವು.

ತಿಂಗಳಾದ ಮೇಲೆ ದೂರು ಬಂತು. ಫೋಟೋ, ಅದರ ಮೇಲೆ ಬಾಣದ ಗುರುತು, ಕೆಳಗೆ 'ಅಪರಿಚಿತ ಕೆಂಪು ಪುಡಿ'. ಮೂಲ ಕಾರಣ ಸಿಗುವವರೆಗೆ ಐದು ಸಲ 'ಯಾಕೆ' ಎಂದು ಕೇಳಿಕೊಂಡು ಉತ್ತರ ಬರೆಯಬೇಕು ಎಂಬುದು ಅವರ ಪದ್ಧತಿ. ನಾನು ಪ್ರಾಮಾಣಿಕವಾಗಿ ಬರೆದೆ. ಪುಡಿ ಯಾಕೆ? ಪೂಜೆಗೆ. ಪೂಜೆ ಯಾಕೆ? ಮೆಷಿನ್ ಕೆಡದಿರಲಿ ಎಂದು. ಯಾಕೆ ಕೆಡುತ್ತದೆ? ಮೂರು ಶಿಫ್ಟ್ ಓಡುತ್ತದೆ. ಮೂರು ಶಿಫ್ಟ್ ಯಾಕೆ? ನೀವು ಕೇಳಿದಷ್ಟು ಬ್ರಾಕೆಟ್ ಕೊಡಬೇಕು. ಅಷ್ಟೊಂದು ಯಾಕೆ? ತಿಂಗಳಿಗೆ ಹತ್ತು ವಿಮಾನ ಕಟ್ಟುತ್ತಿದ್ದೀರಿ. ಮೂಲ ಕಾರಣ: ತಾವು.

ನಮ್ಮ ಕ್ವಾಲಿಟಿ ಮೇಡಂ ಓದಿ, ಕಾಗದವನ್ನು ನಾಲ್ಕಾಗಿ ಮಡಚಿ ತಮ್ಮ ಡ್ರಾಯರಿಗೆ ಹಾಕಿಕೊಂಡರು. ಆಮೇಲೆ ತಾವೇ ಬರೆದರು: ಇನ್ನು ಮೇಲೆ ಕೆಂಪು ಗುರುತನ್ನು ಬ್ರಾಕೆಟ್ಟಿಗೆ ಹಚ್ಚುವುದಿಲ್ಲ, ಕೊನೆಯ ತಪಾಸಣೆ ಮುಗಿದ ಮೇಲೆ ಪ್ರತಿ ಪೆಟ್ಟಿಗೆಯ ಹೊರಗೆ ಹಚ್ಚಲಾಗುವುದು. ಕೆಲಸದ ಹಾಳೆಯಲ್ಲಿ ಅದು ಹದಿನಾಲ್ಕನೇ ಹೆಜ್ಜೆಯಾಯಿತು. ಹಚ್ಚುವ ಅಧಿಕಾರ: ಯಜಮಾನರು.

ಗಿರಾಕಿಯವರು ಒಪ್ಪಿದರು. ಜೊತೆಗೆ ಇನ್ನೊಂದು ಮಾತು ಹೇಳಿದರು. ವಿಮಾನ ತಿಂಗಳಿಗೆ ಹನ್ನೆರಡಕ್ಕೆ ಏರಲಿದೆ, ಹೆಚ್ಚುವರಿ ಬ್ರಾಕೆಟ್ ನಿಮಗೋ ಬೇರೆ ಊರಿನ ಇನ್ನೊಂದು ಶೆಡ್ಡಿಗೋ ಎಂಬುದು, ಯಾರು ಒಂದು ವರ್ಷ ದೂರಿಲ್ಲದೆ ಕಳಿಸುತ್ತಾರೋ ಅದರ ಮೇಲೆ. ಯಜಮಾನರು ಟಾರ್ಪಾಲಿನ ಮೇಲೂ ಒಂದು ಬೊಟ್ಟು ಇಟ್ಟರು.

ಹೆಜ್ಜೆ ಹದಿನಾಲ್ಕು

ಹನ್ನೊಂದು ತಿಂಗಳು ಒಂದೂ ದೂರಿಲ್ಲ. ಹನ್ನೆರಡನೆಯ ತಿಂಗಳು ಯಜಮಾನರ ದೊಡ್ಡಪ್ಪ ತೀರಿಕೊಂಡರು. ಮನೆಗೆ ಹನ್ನೊಂದು ದಿನ ಸೂತಕ. ಯಜಮಾನರು ಶೆಡ್ಡಿಗೆ ಬಂದರು, ಕಾಗದಕ್ಕೆ ಸಹಿ ಹಾಕಿದರು, ಕುಂಕುಮದ ಬಟ್ಟಲು ಮಾತ್ರ ಮುಟ್ಟಲಿಲ್ಲ. ಪೆಟ್ಟಿಗೆ ಬೋಳು ಹಣೆಯಲ್ಲೇ ಹೋಯಿತು.

ಗಿರಾಕಿಯವರು ಅದನ್ನು ಪಕ್ಕಕ್ಕೆ ಎತ್ತಿಟ್ಟರು. ಹದಿನಾಲ್ಕನೇ ಹೆಜ್ಜೆ ಬಿಟ್ಟುಹೋಗಿದೆ, ಹಾಗಿದ್ದ ಮೇಲೆ ತಪಾಸಣೆ ನಡೆದಿದೆ ಎಂದು ಹೇಗೆ ನಂಬುವುದು? ಅಧಿಕಾರದ ವ್ಯಕ್ತಿಯ ಮನೆಯಲ್ಲಿ ಸಾವಾಗಿದ್ದರಿಂದ ಹೀಗಾಯಿತು ಎಂದು ಬರೆದೆ. ಸಂತಾಪದ ಜೊತೆ ಮರುಪ್ರಶ್ನೆ ಬಂತು: ಅದೇ ದಿನ ಅವರ ಸಹಿ ಇದೆ, ಕೈ ಚೆನ್ನಾಗಿಯೇ ಇದ್ದಂತಿದೆ. ಸಾಹೇಬರೇ ಖುದ್ದಾಗಿ ಬಂದು ನೋಡಿ ತೀರ್ಮಾನ ಮಾಡುತ್ತಾರೆ.

ನನಗೆ ನಿಜವಾಗಿ ಭಯವಾಯಿತು. ಯಜಮಾನರು ಮೂರು ದಿನ ಟಾರ್ಪಾಲಿನ ಧೂಳು ಕೊಡವಲಿಲ್ಲ. "ಓಗ್ಲಿ ಬುಡಿ, ದೊಡ್ಡಪ್ಪ ಏನ್ ಬೇಕೂಂತ ಸತ್ರಾ," ಎಂದರು. ಹೇಳಿ ಆ ಕಡೆ ತಿರುಗಿ ಕೂತರು.

ಸಾಹೇಬರು ಬಂದರು. ಕ್ವಾಲಿಟಿ ಮೇಡಂ ಸೂತಕವನ್ನು ಚಿತ್ರ ಬರೆದು ವಿವರಿಸಿದರು: ಯಾರು ಸತ್ತರೆ ಯಾರಿಗೆ, ಎಷ್ಟು ದಿನ. ಇನ್ನು ಮುಂದೆ ಬೊಟ್ಟಿಡುವ ಅಧಿಕಾರ ಯಜಮಾನರ ಜೊತೆಗೆ ತಮಗೂ ಇರುತ್ತದೆ, ಎರಡೂ ಮನೆತನಗಳಿಗೆ ಸಂಬಂಧವಿಲ್ಲ, ವಿಮಾನಕ್ಕೆ ಎರಡು ಎಂಜಿನ್ ಇಟ್ಟ ಹಾಗೆ ಎಂದರು. ಸಾಹೇಬರು ಎರಡು ಪುಟ ಬರೆದುಕೊಂಡು ತಲೆಯೆತ್ತಿ ಕೇಳಿದರು, "ಎರಡೂ ಮನೆಯಲ್ಲಿ ಒಂದೇ ವಾರ ಸಾವಾದರೆ?"

ಯಜಮಾನರು ಮೆಲ್ಲಗೆ ಹೇಳಿದರು, "ಆವಾಗ ನೀವಿಲ್ವಾ ಸಾರ್."

ನಾನು ತರ್ಜುಮೆ ಮಾಡಿದೆ. ಸಾಹೇಬರು ಬೊಟ್ಟಿಡುವವರ ಪಟ್ಟಿ ತೆಗೆದುಕೊಂಡು ಮೂರನೆಯದಾಗಿ ತಮ್ಮ ಹೆಸರು ಬರೆದು ಸಹಿ ಹಾಕಿದರು. ಇದು ದೂರಲ್ಲ, ಸುಧಾರಣೆ ಎಂದರು. ಹೆಚ್ಚುವರಿ ಬ್ರಾಕೆಟ್ ಪೂರ್ತಿ ನಮಗೇ.

ಯಜಮಾನರು ಟಾರ್ಪಾಲ್ ಎಳೆದು ಬಿಸಾಡಿದರು. ಹೊಸ ಮೆಷಿನ್ನಿಗೆ ಮೊದಲ ಬೊಟ್ಟು ಸಾಹೇಬರೇ ಇಡಬೇಕೆಂದು ಹಟ ಹಿಡಿದರು. ಸಾಹೇಬರು ಬೆರಳನ್ನು ಕುಂಕುಮದ ಹತ್ತಿರ ಒಯ್ದವರು ತಟ್ಟನೆ ನಿಂತರು. ಒಂದು ನಿಮಿಷ ಎಂದು ಹೊರಗೆ ಹೋಗಿ ತಮ್ಮ ದೇಶಕ್ಕೆ ಫೋನ್ ಮಾಡಿ ಬಂದರು. "ಅಮ್ಮನನ್ನು ಕೇಳಿದೆ. ಅವರ ಕಡೆ ಎಲ್ಲರೂ ಬದುಕಿದ್ದಾರೆ," ಎಂದರು.

ಕ್ವಾಲಿಟಿ ಮೇಡಂ ಕೆಲಸದ ಹಾಳೆಯಲ್ಲಿ ಟಿಕ್ ಹಾಕಲಿಲ್ಲ. "ಅಮ್ಮನ ಕಡೆಯವರು ಇದಕ್ಕೆ ಬರಲ್ಲ. ಅಪ್ಪನ ಕಡೆಯವರನ್ನ ಕೇಳಿದ್ರಾ ಅಂತ ಕೇಳಿ," ಎಂದು ನನಗೆ ಹೇಳಿದರು.

ಸಾಹೇಬರು ಚಿತ್ರವನ್ನು ಇನ್ನೊಮ್ಮೆ ನೋಡಿದರು. ಮತ್ತೆ ಹೊರಗೆ ಹೋದರು. ಹೀಗಾಗಿ ತಿಂಗಳಿಗೆ ಹನ್ನೆರಡು ವಿಮಾನದ ಕೆಲಸ ನಮ್ಮಲ್ಲಿ ಅರ್ಧ ಗಂಟೆ ತಡವಾಗಿ ಶುರುವಾಯಿತು. ಅವರ ಚಿಕ್ಕಪ್ಪ ಫೋನ್ ಎತ್ತುತ್ತಿರಲಿಲ್ಲ.