ಹಾಡನ್ನು ಹಿಂದುಮುಂದಾಗಿ ಕೇಳಿದ ಅಧ್ಯಕ್ಷರು

ನನ್ನ ಕಿವಿಯ ಬಗ್ಗೆ ನನಗೆ ಬಹಳ ಹೆಮ್ಮೆ. ಪದ್ಮನಾಭನಗರದ ನಮ್ಮ ರಸ್ತೆಯಲ್ಲಿ ಕುಕ್ಕರ್ ಕೂಗಿದರೆ ಅದು ಯಾರ ಮನೆಯದೆಂದು ಹಾಲ್‌ನಲ್ಲಿ ಕೂತೇ ಹೇಳಬಲ್ಲೆ. ಸ್ಕೂಟರ್ ತಿರುವು ದಾಟುವ ಮೊದಲೇ ಬಂದವರ ಹೆಸರು ಹೇಳಬಲ್ಲೆ. ಇಂಥ ಪ್ರತಿಭೆಯನ್ನು ಗುರುತಿಸಿಯೇ ನೆರೆಹೊರೆಯವರು ನನ್ನನ್ನು ರಾಜ್ಯೋತ್ಸವ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರೆಂದು ನಾನು ನಂಬಿದ್ದೇನೆ. ಬೇರೆ ಯಾರೂ ಒಪ್ಪಲಿಲ್ಲ, ಅದಕ್ಕೇ ಮಾಡಿದರು ಎಂಬುದು ನನ್ನ ಹೆಂಡತಿ ಸುಮಿತ್ರಳ ವಾದ.

ಸುಮಿತ್ರ ಹಾಡುತ್ತಾಳೆ. ಜಯನಗರದಲ್ಲಿ ಒಂದು ಕರೋಕೆ ಕ್ಲಬ್ಬಿದೆ. ವಾರಕ್ಕೊಮ್ಮೆ ಎಲ್ಲರೂ ಸೇರಿ, ಬರೀ ಸಂಗೀತದ ಟ್ರ್ಯಾಕ್ ಹಾಕಿಕೊಂಡು ಸಿನಿಮಾ ಹಾಡು ಹಾಡುತ್ತಾರೆ. ಅಲ್ಲೊಂದು ನಿಯಮ. ಒಂದು ಹಾಡನ್ನು ಒಬ್ಬರು ಹಿಡಿದರೆ ಮುಗಿಯಿತು, ಬೇರೆಯವರು ಅದನ್ನು ಮುಟ್ಟುವಂತಿಲ್ಲ! ಸುಮಿತ್ರ ಆಸೆಪಟ್ಟ ಒಂದು ಹಳೆಯ ಹಾಡು ವರ್ಷಗಟ್ಟಲೆ ಇನ್ನೊಬ್ಬ ಮಹಿಳೆಯ ವಶದಲ್ಲಿತ್ತು. ಆಕೆ ಮೈಸೂರಿಗೆ ಮನೆ ಬದಲಾಯಿಸಿದ ಮೇಲೆ ಹಾಡು ಇವಳ ಪಾಲಿಗೆ ಬಂತು. ನಮ್ಮ ರಸ್ತೆಯ ರಾಜ್ಯೋತ್ಸವದಲ್ಲಿ ಮೊದಲ ಸಲ ಅದನ್ನು ವೇದಿಕೆಯ ಮೇಲೆ ಹಾಡುವುದೆಂದು ನಿಶ್ಚಯವಾಯಿತು. ಅಂದಿನಿಂದ ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಹಾಡು, ಬಟ್ಟೆ ಒಣಹಾಕುವಾಗಲೂ ಅದೇ ಹಾಡು.

ಅಷ್ಟರಲ್ಲಿ ನನ್ನ ವಾಟ್ಸಾಪಿಗೆ ಒಂದು ವಿಡಿಯೊ ಬಂತು. ಜನಪ್ರಿಯ ಹಾಡುಗಳನ್ನು ಹಿಂದುಮುಂದಾಗಿ ಹಾಕಿದರೆ ಗುಪ್ತ ಸಂದೇಶಗಳು ಕೇಳಿಸುತ್ತವಂತೆ! ಇಂಥ ಸಂಶೋಧನೆಗೆ ನನ್ನ ಕಿವಿಯಲ್ಲದೆ ಇನ್ಯಾರ ಕಿವಿ ಬೇಕು? ಹಾಡನ್ನು ತಿರುಗಿಸುವ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡೆ. ಮನೆಯಲ್ಲಿ ಸದಾ ಕೇಳಿಬರುತ್ತಿದ್ದ ಹಾಡು ಅದೊಂದೇ ಆದ್ದರಿಂದ ಅದನ್ನೇ ತಿರುಗಿಸಿದೆ.

ಮೊದಲು ಯಾರೋ ಬಾಯಿ ಮುಕ್ಕಳಿಸಿದ ಹಾಗೆ ಕೇಳಿಸಿತು. ನಾನು ಧೃತಿಗೆಡಲಿಲ್ಲ. ಕಣ್ಣು ಮುಚ್ಚಿ ಮತ್ತೆ ಮತ್ತೆ ಕೇಳಿದೆ. ಕೊನೆಗೆ ಚರಣದ ನಡುವಿನಿಂದ ಸ್ಪಷ್ಟವಾಗಿ ಎದ್ದು ಬಂತು: "ಕನ್ನಡ ಬೇಡ."

ನಾನು ಎದ್ದು ನಿಂತೆ. ರಾಜ್ಯೋತ್ಸವದ ವೇದಿಕೆ! ನನ್ನ ಅಧ್ಯಕ್ಷತೆ! ಮೈಕಿನಲ್ಲಿ ಈ ಮಾತು!

ಕೂಡಲೇ ಸಮಿತಿಯ ಕಾರ್ಯದರ್ಶಿ ಗಂಗಾಧರಪ್ಪನವರನ್ನು ಕರೆಸಿ ಕೇಳಿಸಿದೆ. ಅವರಿಗೆ ಏನೂ ತಿಳಿಯಲಿಲ್ಲ. "ಕನ್ನಡ ಬೇಡ" ಎಂದಿದೆ, ಗಮನವಿಟ್ಟು ಕೇಳಿ ಎಂದು ಹೇಳಿಕೊಟ್ಟ ಮೇಲೆ ಮತ್ತೆ ಹಾಕಿದೆ. ಅವರ ಮುಖ ಬಿಳಿಚಿಕೊಂಡಿತು. ಅರ್ಧ ಕಾಫಿಗೇ ಲೋಟ ಕೆಳಗಿಟ್ಟರು. ತಡಮಾಡದೆ ನಾನು ಸಮಿತಿಯ ಗುಂಪಿಗೆ ಒಂದು ಧ್ವನಿಸಂದೇಶ ಕಳಿಸಿದೆ. ನಾಡಿನ ಮಾನ, ನುಡಿಯ ಗೌರವ, ಕೆಲವು ದುಷ್ಟ ಶಕ್ತಿಗಳು ಎಂದೆಲ್ಲ ಗಂಭೀರವಾಗಿ ಮಾತನಾಡಿದ್ದೆ. ಹಾಡು ಕಾರ್ಯಕ್ರಮದಿಂದ ಹೊರಬಿತ್ತು. ಕರ್ತವ್ಯದ ಮುಂದೆ ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸುಮಿತ್ರ ಚಪಾತಿ ಲಟ್ಟಿಸುತ್ತಿದ್ದಳು. ಸುದ್ದಿ ಕೇಳಿ ಲಟ್ಟಣಿಗೆ ಪಕ್ಕಕ್ಕಿಟ್ಟಳು. ನನಗೆ ಸ್ವಲ್ಪ ಸಮಾಧಾನವಾಯಿತು.

"ಅಂದ್ರೆ, ಬೇಕಂತ್ಲೇ ಇಟ್ಟಿದಾರೆ ಅಂತೀರಾ?" ಎಂದು ಕೇಳಿದಳು.

"ಇಟ್ಟಿರೋದಕ್ಕೇ ಕೇಳ್ಸತ್ತೆ. ತಾನಾಗೇ ಹೇಗೆ ಬರತ್ತೆ?"

"ಮುಂದಕ್ಕೆ ಪ್ರಾಸ ಕೂಡ್ಸೋಕೇ ಒದ್ದಾಡ್ತಾರೆ ರೀ. ಹಿಂದಕ್ಕೂ ಕೂಡಿಸ್ತಾರಾ?"

ದೊಡ್ಡ ಪಿತೂರಿಗಳು ಹೆಂಗಸರಿಗೆ ಅರ್ಥವಾಗುವುದಿಲ್ಲ ಎಂದೆ. ಅವಳು ಲಟ್ಟಣಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. ಅಂದು ಸಾರಿಗೆ ಉಪ್ಪಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಗ್ಗರಣೆ ಹಾಕುವಾಗ ಹಾಡಿರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು, ಒಳಗೊಳಗೆ ಬೇಜಾರಾಯಿತು. ಆದರೂ ಅಧ್ಯಕ್ಷರು ಬೇಜಾರು ತೋರಿಸಬಾರದು.

ಮರುದಿನ ನಮ್ಮ ಮನೆಯಲ್ಲೇ ಸಮಿತಿಯ ಸಭೆ. ಸುಮಿತ್ರ ಎಲ್ಲರಿಗೂ ಕಾಫಿ ಕೊಟ್ಟು, ಒಳಗೆ ಹೋಗದೆ ಅಲ್ಲೇ ನಿಂತಳು. ಕೈಯಲ್ಲಿ ನನ್ನದೇ ಮೊಬೈಲು! ಅಧ್ಯಕ್ಷರ ಧ್ವನಿಸಂದೇಶವನ್ನು ತಾನೂ ತಿರುಗಿಸಿ ನೋಡಿದೆನೆಂದೂ, ಅದರಲ್ಲೂ ಏನೋ ಅಡಗಿದೆಯೆಂದೂ ಬಹಳ ವಿನಯದಿಂದ ತಿಳಿಸಿದಳು.

"'ಕುರ್ಚಿ ಬಿಡಲ್ಲ, ಕುರ್ಚಿ ಬಿಡಲ್ಲ' ಅಂತ ಬರತ್ತೆ. ಗಮನ ಇಟ್ಟು ಕೇಳಿ" ಎಂದು ಹೇಳಿ ಹಾಕಿದಳು.

ನಾಡು, ನುಡಿ ಎಂದು ನಾನು ಮೊಳಗಿದ್ದೆಲ್ಲ ಹಿಂದುಮುಂದಾಗಿ ಹರಿದು ಬಂತು. ಎಲ್ಲರೂ ತಲೆಯಾಡಿಸಿದರು. ಬಹಳ ಸ್ಪಷ್ಟವಾಗಿದೆ ಎಂದು ಖಜಾಂಚಿ ಹೇಳಿದರು. ನಿಜವಾದ ದುಃಖ ಏನೆಂದರೆ, ನನಗೂ ಹಾಗೆಯೇ ಕೇಳಿಸಿತು!

ನಾನು ಅದನ್ನು ಉಗ್ರವಾಗಿ ಖಂಡಿಸಿದೆ. ಅಂಥ ಮಾತನ್ನು ಕನಸಿನಲ್ಲೂ ಆಡಿಲ್ಲ ಎಂದೆ. ಯಾರ ಮಾತನ್ನು ತಿರುಗಿಸಿದರೂ ಏನೋ ಒಂದು ಸದ್ದು ಬರುತ್ತದೆ, ಇಂಥದ್ದೇ ಕೇಳಿ ಎಂದು ಮೊದಲೇ ಹೇಳಿಬಿಟ್ಟರೆ ಎಲ್ಲರಿಗೂ ಅದೇ ಕೇಳಿಸುತ್ತದೆ, ಇದರಲ್ಲಿ ಉದ್ದೇಶವೆಲ್ಲಿಂದ ಬಂತು ಎಂದು ಸವಾಲು ಹಾಕಿದೆ. ಬಹಳ ಒಳ್ಳೆಯ ವಾದ. ಮುಗಿಸುವ ಹೊತ್ತಿಗೆ ಅದು ಯಾರ ಪರವಾದ ವಾದವೆಂದು ಹೊಳೆಯಿತು. ಸುಮಿತ್ರ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು.

ಗಂಗಾಧರಪ್ಪನವರು ಗಂಟಲು ಸರಿಮಾಡಿಕೊಂಡರು. "ಸಾರ್, ಬೇಕಂತ ಇಟ್ಟಿದ್ದು ಅಂದ್ರೆ ಹಾಡು ಬರೆದೋರು, ನೀವು, ಇಬ್ರೂ ಇಟ್ಟಿದೀರ. ಇಲ್ಲ ಅಂದ್ರೆ ಇಬ್ರೂ ಇಟ್ಟಿಲ್ಲ. ಯಾವ್ದು ಅಂತ ಬರ್ಕೊಳ್ಲಿ?"

ಒಂದೋ ಹಾಡು ನಿರ್ದೋಷಿಯಾಗಬೇಕು, ಇಲ್ಲವೇ ನಾನು ಕುರ್ಚಿ ಬಿಡಬೇಕು. ನಾಡಿನ ಹಿತವನ್ನು ದೃಷ್ಟಿಯಲ್ಲಿಟ್ಟುಕೊಂಡು, ಹಾಡನ್ನು ಸಕಲ ಆರೋಪಗಳಿಂದ ಮುಕ್ತಗೊಳಿಸಲಾಗಿದೆ ಎಂದು ಘೋಷಿಸಿದೆ. ಕುರ್ಚಿ ಬಿಡಲಿಲ್ಲ.

ರಾಜ್ಯೋತ್ಸವದ ಸಂಜೆ ಅಧ್ಯಕ್ಷ ಭಾಷಣವನ್ನು ಚಿಕ್ಕದಾಗಿ ಮುಗಿಸಿ, ಯಾರ ಕಣ್ಣಿಗೂ ಬೀಳದಂತೆ ಶಾಮಿಯಾನದ ಕೊನೆಯ ಸಾಲಿನಲ್ಲಿ ಕೂತೆ. ಸುಮಿತ್ರ ರೇಷ್ಮೆ ಸೀರೆ ಉಟ್ಟು ವೇದಿಕೆ ಹತ್ತಿದಳು. ಪಲ್ಲವಿಗೇ ಜನ ಮಾತು ನಿಲ್ಲಿಸಿದರು. ಚರಣಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣು ಮಂಜಾಗಿತ್ತು. ಇಷ್ಟು ಚೆನ್ನಾಗಿ ಹಾಡುವವಳ ಬಾಯಿ ಮುಚ್ಚಿಸಲು ಹೊರಟಿದ್ದೆನಲ್ಲ ಎಂದು ನಾಚಿಕೆ, ಅದರ ಮೇಲೆ ಎದೆ ಬಿರಿಯುವಷ್ಟು ಹೆಮ್ಮೆ. ಹಾಡು ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪಕ್ಕದಲ್ಲಿ ಒಬ್ಬ ತರುಣ ನಿಂತಿದ್ದ. ಹುಬ್ಬಳ್ಳಿ ಕಡೆಯವನು, ಸಭೆಯಾದ ಮೇಲೆ ನಮ್ಮ ರಸ್ತೆಗೆ ಬಾಡಿಗೆಗೆ ಬಂದಿದ್ದ. ಭಾಷಣ ಮುಗಿದ ಮೇಲೆ ಬಂದಿದ್ದರಿಂದ ನನ್ನ ಗುರುತು ಅವನಿಗಿರಲಿಲ್ಲ.

"ಏನ್ ಛಲೋ ಹಾಡ್ತಾರ್ರಿ ಸರ ಈ ಅಕ್ಕಾರು" ಎಂದ.

ಅವಳು ನನ್ನ ಹೆಂಡತಿ ಎಂದು ಹೇಳಲು ನಾನು ಎದೆಯುಬ್ಬಿಸಿ ಬಾಯಿ ತೆರೆದೆ.

"ಇಂಥಾ ಹಾಡು ನಿಲ್ಲಸಾಕ ಹೊಂಟಿದ್ರಂತಲ್ರಿ ಅವರ ಯಜಮಾನ್ರು? ಎಲ್ಲದಾರ್ರಿ ಅವ್ರು, ಒಮ್ಮೆ ಮಾರಿ ನೋಡಬೇಕಿತ್ತು."

"ಅವ್ರು ಇವತ್ತು ಬಂದಿಲ್ಲ" ಎಂದು ಹೇಳಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.