ಕಪಾಟಿನಲ್ಲಿ ಬೆಳೆದ ಹರಳು

ನನಗೆ ಸಿಟ್ಟು ಬಲು ಬೇಗ ಬರುತ್ತದೆ. ಆದರೆ ಆಳು ನೋಡಿಕೊಂಡು ಬರುತ್ತದೆ. ಪ್ರಿನ್ಸಿಪಾಲರ ಮೇಲೆ ಒಮ್ಮೆಯೂ ಬಂದದ್ದಿಲ್ಲ. ಹೆಂಡತಿಯ ಮೇಲೆ ಬಂದರೂ ಬಾಗಿಲವರೆಗೆ ಬಂದು ಹಾಗೇ ವಾಪಸು ಹೋಗುತ್ತದೆ. ಅದು ಪೂರ್ತಿ ಬಂದದ್ದು ಕೊಟ್ಟೂರಿನಲ್ಲಿ, ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಹನುಮಂತಪ್ಪನ ಮೇಲೆ.

ತೊಂಬತ್ತರ ದಶಕದ ಕೊನೆ. ಪಾಠ ಮಾಡುತ್ತಲೇ ಪಿಎಚ್.ಡಿ. ಮುಗಿಸುವ ಹುಚ್ಚು ನನಗೆ. ಲೋಹದ ಪರಮಾಣುಗಳನ್ನು ಸಾವಯವ ಅಣುಗಳಿಂದ ಒಂದಕ್ಕೊಂದು ಜೋಡಿಸಿ ಹರಳು ಬೆಳೆಸುವುದು ನನ್ನ ಕೆಲಸ. ಹೀಗೆ ಜೋಡಿಸುವ ಅಣುವಿಗೆ ಲಿಗಂಡ್ ಎನ್ನುತ್ತಾರೆ. ಬಾಗದ ಲಿಗಂಡ್ ಹಾಕಿದರೆ ಚಿಂತೆಯಿಲ್ಲ, ಹರಳಿನೊಳಗಿನ ಕಟ್ಟಡ ಹೇಗಿರುತ್ತದೆಂದು ಹೆಚ್ಚುಕಡಿಮೆ ಮೊದಲೇ ಹೇಳಬಹುದು. ನನ್ನ ಗೈಡ್ ಕೊಟ್ಟದ್ದು ಬಳುಕುವ ಲಿಗಂಡ್. ನೆಟ್ಟಗೆ ಚಾಚಿದರೆ ಸರಪಳಿ, ಮಡಚಿಕೊಂಡರೆ ಉಂಗುರ; ಬಿಸಿಲು, ದ್ರಾವಣ, ಬೆಳೆಯುವ ವೇಗ, ಯಾವುದು ಬದಲಾದರೂ ಅದರ ಮನಸ್ಸು ಬದಲು. ಎರಡು ವರ್ಷ ಕಿಟಕಿಯ ಕಟ್ಟೆಯ ಮೇಲೆ ತಾಮ್ರದ ದ್ರಾವಣದ ಸೀಸೆಗಳನ್ನಿಟ್ಟು ಕಾದೆ. ಸಿಕ್ಕಿದ್ದು ನೀಲಿ ಪುಡಿ. "ರಂಗೋಲಿಗಾದ್ರೂ ತರ್ರಿ," ಎಂದಳು ಹೆಂಡತಿ.

ಒಂದು ಏಪ್ರಿಲ್ ಬೆಳಿಗ್ಗೆ ನೋಡಿದರೆ ಕಿಟಕಿ ಖಾಲಿ. ಹನುಮಂತಪ್ಪ ಸೀಸೆಗಳನ್ನೆಲ್ಲ ಎತ್ತಿ ಮೂಲೆಯ ಕಪಾಟಿನೊಳಗೆ ಇಟ್ಟಿದ್ದ.

"ಬಿಸ್ಲು ಭಾಳ ಐತ್ರಿ ಸರ, ಕಾಯ್ತಾವು ಅಂತ ನೆಳ್ಳಿಗೆ ಇಟ್ಟೀನ್ರಿ."

"ನಿನ್ನ ಯಾವನು ಕೇಳಿದ? ಬಾಟ್ಲಿ ತೊಳಿಯಾದಷ್ಟ ನಿನ್ನ ಕೆಲ್ಸ! ಎರಡು ವರ್ಷದ್ದು ಮಣ್ಣುಪಾಲು ಮಾಡಿದ್ಯಲ್ಲ!" ಎಂದು ತರಗತಿಯ ಹುಡುಗರೆಲ್ಲರೆದುರು ಕೂಗಾಡಿದೆ.

ನಾನು ಕಾಲೇಜು ಸೇರುವ ಮೊದಲೇ ತಲೆ ಹಣ್ಣಾಗಿದ್ದ ಮನುಷ್ಯ. "ತಪ್ಪಾತ್ರಿ," ಎಂದು ಕೈಯಲ್ಲಿದ್ದ ಬ್ರಷ್ಷನ್ನು ಸಿಂಕಿನಲ್ಲಿಟ್ಟು ಹೊರಗೆ ಹೋದ. ಮರುದಿನ ರಜೆಯ ಅರ್ಜಿ ಬಂತು. ಆಮೇಲೆ ಜಡ್ಡೆಂದು ಇನ್ನೊಂದು.

ಹಾಳಾದವೆಂದು ಅಲ್ಲೇ ಬಿಟ್ಟಿದ್ದ ಸೀಸೆಗಳನ್ನು ಚೆಲ್ಲಲೆಂದು ಮೂರು ವಾರದ ಮೇಲೆ ಕಪಾಟು ತೆಗೆದೆ. ಒಂದು ಸೀಸೆಯ ತಳದಲ್ಲಿ ಕಡಲೆಬೇಳೆಯಷ್ಟು ದೊಡ್ಡ ನೀಲಿ ಹರಳುಗಳು, ಅಂಚು ಕತ್ತರಿಸಿಟ್ಟಂತೆ. ತಂಪಿನಲ್ಲಿ ನಿಧಾನವಾಗಿ ಬೆಳೆದು, ಲಿಗಂಡ್ ಮಡಚಿಕೊಂಡು ತಾಮ್ರವನ್ನು ಉಂಗುರ ಉಂಗುರವಾಗಿ ಹಿಡಿದಿತ್ತೆಂದು ವಿಶ್ವವಿದ್ಯಾಲಯದ ಎಕ್ಸ್-ರೇ ಹೇಳಿತು.

"ಕಪಾಟಿನಲ್ಲಿಡುವ ಯೋಚನೆ ಹೇಗೆ ಬಂತ್ರೀ?" ಎಂದರು ಗೈಡ್.

"ಹಾಗೇ ಹೊಳೆಯಿತು ಸರ್," ಎಂದೆ.

ಹನುಮಂತಪ್ಪನ ಕ್ಷಮೆ ಕೇಳಲು ಒಳ್ಳೆಯ ದಿನ ಹುಡುಕುತ್ತ ಮಳೆಗಾಲ ಕಳೆದೆ. ಕೊನೆಗೆ ಬಸ್ಸು ಹತ್ತಿ ಹಂಪಸಾಗರದ ಅವನ ಮನೆ ಮುಟ್ಟಿದಾಗ ಅವನು ತೀರಿಕೊಂಡು ಹನ್ನೊಂದು ದಿನವಾಗಿತ್ತು. ಜಡ್ಡು ಬಹಳ ದಿನದಿಂದ ಇತ್ತಂತೆ. ಅವನು ಹೇಳಿರಲಿಲ್ಲ; ನಾನು ಕೇಳಿರಲಿಲ್ಲ.

ಅವನ ಹೆಂಡತಿ ಚಾಪೆ ಹಾಸಿದಳು. "ಕಾಲೇಜಿನೋರೇನ್ರಿ? ಯಾರೋ ಮೇಷ್ಟ್ರು ಹುಡುಗ್ರ ಮುಂದ ಬೈದ್ರಂತ್ರಿ. ಸಾಯೋತನಕ ಅದನ್ನ ಅಂತಿದ್ರು. ಅವ್ರು ನೀವೇನ್ರಿ?"

"ಅಲ್ಲಮ್ಮ," ಎಂದೆ. "ಅವ್ರಿಗೆ ವರ್ಗ ಆತು."

"ಹೋಗ್ಲಿ ಬಿಡ್ರಿ. ನೀವಾದ್ರೂ ಬಂದ್ರಲ್ಲ," ಎಂದು ಆಕೆ ಚಹಾ ತಂದಿಟ್ಟಳು. ಒಳ್ಳೆಯ ಚಹಾ. ಇನ್ನರ್ಧ ಲೋಟ ಹಾಕಲೇ ಎಂದು ಕೇಳಿದಾಗಲೂ ನಾನು ಬೇಡವೆನ್ನಲಿಲ್ಲ.