ಇಳಕಲ್ಲಿನಲ್ಲೊಂದು ಹಡಗು ದುರಂತ

ಒಂದು ಭಾನುವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮಾಮಾ ಹಡಗು ದುರಂತಕ್ಕೆ ಸಿಕ್ಕರು. ಹೊತ್ತು ಇಷ್ಟು ಖಚಿತವಾಗಿ ಹೇಗೆ ಗೊತ್ತೆಂದರೆ, ನಾನು ಎದುರಿಗೇ ನಿಂತು ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದೆ. ಇಳಕಲ್ಲಿನಲ್ಲಿ ಹಡಗು ದುರಂತಕ್ಕೆ ಸಿಕ್ಕಿ ಬದುಕಿ ಬಂದವರು ಅವರೊಬ್ಬರೇ ಎಂದು ಯಾವ ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ಇಳಕಲ್ಲಿಗೂ ಹಡಗಿಗೂ ಏನು ಸಂಬಂಧ ಎನ್ನುತ್ತೀರಾ? ಅದನ್ನೇ ಅಲ್ಲವೆ ನಾವೆಲ್ಲ ವರ್ಷಗಟ್ಟಲೆ ಅವರನ್ನು ಕೇಳಿದ್ದು!

ಮಾಮಾ ನನ್ನ ತಾಯಿಯ ತಮ್ಮ. ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಇಳಕಲ್, ಹುನಗುಂದ, ಅಮೀನಗಡ, ಬಾಗಲಕೋಟೆ, ಬಹಳವೆಂದರೆ ಬಾದಾಮಿ. ಅವರ ಭೂಮಂಡಲ ಅಲ್ಲಿಗೆ ಮುಗಿಯುತ್ತಿತ್ತು. ಸಮುದ್ರ ಕಂಡವರಲ್ಲ. ಈಜು ಬಾರದು. ಅಂಥವರು ಒಂದು ದಿನ ಕಟಿಂಗ್ ಅಂಗಡಿಯಲ್ಲಿ ಕೂತಾಗ ಎದುರಿನ ಕ್ಯಾಲೆಂಡರಿನಲ್ಲಿ ಒಂದು ಹಡಗು ನೋಡಿದರು. ಮರಾಠರ ನೌಕಾಪಡೆಯ ಗುರಾಬ್: ಉದ್ದ ಮೂಗು, ಮೂರು ಹಾಯಿಕಂಬ, ಎರಡೂ ಪಕ್ಕಕ್ಕೆ ತೋಪುಗಳ ಸಾಲು. "ಇದನ್ನ ನಾ ಕಟ್ಟತೇನಿ!" ಎಂದು ಎದ್ದು ಬಂದರಂತೆ. ತಲೆಯ ಎಡಭಾಗದ ಕಟಿಂಗ್ ಆಗಿತ್ತು, ಬಲಭಾಗದ್ದು ಮರುದಿನ ಆಯಿತು.

ಮಾಮಾನ ಹೆಂಡತಿ, ನಮ್ಮ ಅತ್ತಿ, ನೆಲದ ಕುಣಿಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಸೀರೆ ನೇಯುತ್ತಾಳೆ. ಮನೆಯಲ್ಲಿ ಹಳೆಯ ಮಗ್ಗದ ಸಾಗವಾನಿ ಕಟ್ಟಿಗೆ ಬಿದ್ದಿತ್ತು. ಅದು ಹಡಗಿನ ಹೊಟ್ಟೆಯಾಯಿತು. ಲಟ್ಟಣಿಗೆ ನಡುವಿನ ಕಂಬವಾಯಿತು. ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ನನ್ನ ಸ್ಟಾಫ್ ರೂಮಿನ ಖಾಲಿ ಬಾಲ್‌ಪೆನ್ನುಗಳ ಹಿತ್ತಾಳೆ ಮೂತಿಗಳೆಲ್ಲ ತೋಪುಗಳಾಗಿ ಸಾಲುಗಟ್ಟಿದವು. ಒಂದು ದಿನ ಅತ್ತಿಯ ಲಾಳಿಯೇ ಕಾಣೆಯಾಯಿತು. ಮಗ್ಗದ ಮೇಲೆ ಅರ್ಧ ಸೀರೆ, ಎಳೆ ತೂರಿಸಲು ಲಾಳಿಯೇ ಇಲ್ಲ! ಹುಡುಕಿ ಹುಡುಕಿ ನೋಡಿದರೆ, ಹಡಗಿನ ಪಕ್ಕಕ್ಕೆ ಪುಟ್ಟ ಹುಟ್ಟುಗಳ ಸಮೇತ ತೂಗಾಡುತ್ತಿದೆ.

"ಅದು ಜೀವ ಉಳಿಸೋ ದೋಣಿ" ಎಂದರು ಮಾಮಾ.

"ಮದಲ ನಿಮ್ಮ ಜೀವ ಉಳಿಸಿಕೋರಿ. ಲಾಳಿ ಕೊಡ್ರಿ ಇಲ್ಲೆ!"

ಇತಿಹಾಸದ ವಿಷಯದಲ್ಲಿ ಮಾಮಾ ಬಹಳ ಕಟ್ಟುನಿಟ್ಟು. ಹಾಯಿ ಬಿಳಿಯೇ ಆಗಬೇಕು, ಬಿರುಸಾಗಿ ನಿಲ್ಲಬೇಕು. ಅದಕ್ಕೆಂದು ಜೋಳದ ಗಂಜಿ ಹಾಕಿ ಒಣಗಿಸಿದರು. ಬೆಳಗಾಗುವುದರೊಳಗೆ ಇಲಿಗಳು ಮೂರೂ ಹಾಯಿ ತಿಂದು ಮುಗಿಸಿದ್ದವು. "ಶತ್ರುವಿನ ಮೊದಲನೇ ದಾಳಿ" ಎಂದು ಮಾಮಾ ನನಗೆ ಫೋನು ಮಾಡಿದರು. ಧ್ವನಿಯಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು!

ಹಗ್ಗ ಕಟ್ಟುವಾಗ ಮಾತ್ರ ಗಂಡ ಹೆಂಡತಿ ನಡುವೆ ನಿಜವಾದ ಯುದ್ಧವೇ ನಡೆಯಿತು. ಇಳಕಲ್ ಸೀರೆಯಲ್ಲಿ ಮೈ ಬೇರೆ, ಸೆರಗು ಬೇರೆ. ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಅತ್ತಿಯ ಕೈಯ ಕೊಂಡಿ ಓಣಿಗೆಲ್ಲ ಹೆಸರುವಾಸಿ. "ಹಗ್ಗದ ತುದಿಗಳನ್ನು ನಾ ಕೊಂಡಿ ಹಾಕಿ ಕೂಡಸ್ತೇನಿ" ಎಂದಳು.

"ನಿನ್ನ ಕೊಂಡಿ? ಜಗ್ಗಿದ್ರ ಸೀರಿ ಹರಿಯೂದ ಅಲ್ಲೆ. ಇದು ಯುದ್ಧದ ಹಡಗ. ನೌಕಾಪಡಿ ಗಂಟು ಬೇಕು."

"ನಿಮ್ಮನ್ನ ಕಟ್ಟಿಕೊಂಡಾಗಿಂದ ಜಗ್ಗಾಕ್ಹತ್ತೇನಿ. ಇನ್ನೂ ಹರದಿಲ್ಲಲ್ಲ?" ಎಂದು ಅತ್ತಿ ಮಗ್ಗದ ಕುಣಿಗೆ ಇಳಿದಳು.

ಹೊಸ ಹಾಯಿ ಏರಿಸಿಕೊಂಡು, ತೊಟ್ಟಿಲಿನಷ್ಟು ದೊಡ್ಡ ಹಡಗು ಕೊನೆಗೂ ಸಿದ್ಧವಾಯಿತು. ನೀರಿನ ತೊಟ್ಟಿಯಲ್ಲಿ ಇಳಿಸಿದರೆ ಪಕ್ಕಕ್ಕೆ ಉರುಳಿ ಮಲಗಿಬಿಟ್ಟಿತು. "ತಳದಾಗ ಭಾರ ಬೇಕು ಮಾಮಾ" ಎಂದೆ. "ಶಾಣ್ಯಾರು ನಮ್ಮ ಅಕ್ಕೋರು!" ಎಂದು (ಪಾಠ ಹೇಳುವವಳೆಂದು ನಾನು ಅವರಿಗೆ ಅಕ್ಕೋರು) ಪಾಲಿಶ್ ಕಾರ್ಖಾನೆಯಿಂದ ಕೆಂಪು ಗ್ರಾನೈಟಿನ ಚೂರು ತಂದು ತುಂಬಿದರು. ನಿಂತಿತು! ಆದರೆ ತೊಟ್ಟಿಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಗಾಳಿಯೂ ನೀರೂ ಒಟ್ಟಿಗೆ ಇರುವ ಜಾಗ ನಮ್ಮೂರ ಹತ್ತಿರ ಒಂದೇ: ಊರಾಚೆ, ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿ. ಬೆಣ್ಣೆ ಕೊಯ್ದಂತೆ ನೇರ ಕೊಯ್ದ ಗೋಡೆಗಳು, ಕಪ್ಪಗೆ ನಿಂತ ನೀರು. ಆಳ ಯಾರಿಗೂ ಗೊತ್ತಿಲ್ಲ.

ಮೂವರೂ ಬಾಡಿಗೆಯ ಟಂಟಂ ಆಟೊದಲ್ಲಿ ಹೋದೆವು. ಹಡಗಿಗೆ ಧೂಳು ತಾಗಬಾರದೆಂದು, ಅತ್ತಿ ಹಿಂದಿನ ದಿನವಷ್ಟೇ ಮಗ್ಗದಿಂದ ಇಳಿಸಿದ್ದ ಒಂಬತ್ತು ಗಜದ ಸೀರೆಯನ್ನು ಮಾಮಾ ಅದರ ಮೇಲೆ ಹೊದಿಸಿದ್ದರು. ಹೊದಿಸುವಾಗ ಕೇಳಿರಲಿಲ್ಲ, ಅತ್ತಿಗೆ ಗೊತ್ತಾದದ್ದು ದಾರಿಯಲ್ಲಿ. ದಾರಿ ಪೂರ್ತಿ ಏನೇನು ನಡೆಯಿತೆಂದು ಇಲ್ಲಿ ಬರೆಯುವುದಿಲ್ಲ.

ನೀರಿನಿಂದ ಆಳೆತ್ತರದಲ್ಲಿ ಮೆಟ್ಟಿಲಿನಂಥ ಒಂದು ಬಂಡೆ. ಅದರ ಮೇಲೆ ಪೂಜೆ. ಕಂಡಕ್ಟರ್ ಮನುಷ್ಯನಲ್ಲವೆ? ಹೊಸ ಗಾಡಿ ರಸ್ತೆಗಿಳಿಯುವ ಮೊದಲು ಏನೇನು ಆಗಬೇಕೋ ಅಷ್ಟೂ ಆಗಬೇಕು. ಹಡಗಿನ ಮೂಗಿಗೆ ಅರಿಶಿನ ಕುಂಕುಮ, ಚೆಂಡುಹೂವಿನ ಮಾಲೆ, ಕಾಯಿ. ಮತ್ತೆ ಲಿಂಬೆಹಣ್ಣು!

"ಮಾಮಾ, ಲಿಂಬಿಹಣ್ಣು ಗಾಲಿ ಕೆಳಗ ಇಡೂದು. ಹಡಗಿಗೆ ಗಾಲಿ ಎಲ್ಲವ?"

"ಗಾಲಿ ಇಲ್ಲದಿದ್ರೇನಾತು? ಗಾಡಿ ಗಾಡಿನ. ನಾಕು ಮೂಲಿಗೆ ನಾಕು ಇಡು."

ಇಟ್ಟೆ. ಮಾಮಾ ಕೊರಳಲ್ಲಿ ಹಳೆಯ ಸೀಟಿ ಹಾಕಿಕೊಂಡು ಹಡಗನ್ನು ಮುಂದಕ್ಕೆ ನೂಕಿದರು. ಮುಂದಿನ ಎರಡು ಲಿಂಬೆಹಣ್ಣು ಪಚಕ್ಕನೆ ಒಡೆದವು. ಹಡಗನ್ನು ಹಗ್ಗದಿಂದ ನೀರಿಗಿಳಿಸಿ, "ರೈಟ್! ರೈಟ್!" ಎಂದು ಕೂಗಿ, ಅದರ ಅಂದ ನೋಡಲು ಮಾಮಾ ಒಂದು ಹೆಜ್ಜೆ ಮುಂದಿಟ್ಟರು. ಹಡಗಿನಡಿ ಸಿಗದೆ ಉಳಿದಿದ್ದ ಮೂರನೆಯ ಲಿಂಬೆಹಣ್ಣಿನ ಮೇಲೆ.

ದೃಷ್ಟಿ ತಾಗದಿರಲೆಂದು ಇಟ್ಟ ಹಣ್ಣು!

ನನ್ನ ಫೋನಿನ ಚೌಕಟ್ಟಿನಲ್ಲಿ ಒಬ್ಬ ಮನುಷ್ಯನಿದ್ದ, ಮರುಕ್ಷಣ ಇರಲಿಲ್ಲ. ನೀರಿನ ಸದ್ದು ಕೇಳಿತು. ಆಮೇಲೆ ಏನೂ ಇಲ್ಲ. ಆ "ಏನೂ ಇಲ್ಲ" ಎಷ್ಟು ಹೊತ್ತು ಇತ್ತು? ವಿಡಿಯೊ ನೋಡಿದರೆ ಗೊತ್ತಾಗುತ್ತದೆ. ನೋಡಿಲ್ಲ. ಕಾಲೇಜಿನಲ್ಲಿ ಬೀಳುವ ವಸ್ತುಗಳ ವೇಗದ ಲೆಕ್ಕ ಮಾಡಿಸುವ ನಾನು ಅಲ್ಲಿ ಕಲ್ಲಿನಂತೆ ನಿಂತಿದ್ದೆ. ಅತ್ತಿ ನಿಲ್ಲಲಿಲ್ಲ. ಹಡಗಿಗೆ ಹೊದಿಸಿದ್ದ ಸೀರೆಯನ್ನು ಬಾಚಿ, ಸೆರಗಿನ ತುದಿಯನ್ನು ಕೆಳಕ್ಕೆ ಬೀಸಿದಳು. "ಹಿಡೀರಿ! ಸೆರಗ ಹಿಡೀರಿ!"

ಹೆಂಡತಿಯ ಸೆರಗು ಹಿಡಿಯುವ ಗಂಡಸು ತಾನಲ್ಲ ಎಂದು ಹುನಗುಂದದವರೆಗೂ ಸಾರಿದ್ದ ಮಾಮಾ ಎರಡೂ ಕೈಯಲ್ಲಿ ಹಿಡಿದರು. ಟಂಟಂನವನೂ ನಾನೂ ಓಡಿ ಬಂದು ಅತ್ತಿಯ ಹಿಂದೆ ಸೀರೆ ಹಿಡಿದೆವು. ಸೀರೆ ಬಿಗಿಯಿತು. ಮೈಯೂ ಸೆರಗೂ ಕೂಡುವ ಆ ಗೆರೆ ಬಂಡೆಯ ಅಂಚಿನಲ್ಲೇ ಬಂದು ನಿಂತಿತು. ನಾನು ಅದನ್ನೇ ನೋಡುತ್ತಿದ್ದೆ. ಅತ್ತಿಯೂ ಅದನ್ನೇ ನೋಡುತ್ತಿದ್ದಳು. ಆಗ ಕೆಳಗಿನಿಂದ ಕೇಳಿಸಿತು: ಪೀಂ, ಪೀಂ.

ಎರಡು ಸೀಟಿ. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಸಾಯುವ ಹೊತ್ತಿನಲ್ಲೂ ನಿಯಮ ತಪ್ಪದ ಕಂಡಕ್ಟರ್! ಎಳೆದೆವು. ಮೊದಲು ತೊಯ್ದ ತಲೆ ಬಂತು, ಬಾಯಲ್ಲಿ ಸೀಟಿ ಹಾಗೇ ಇತ್ತು.

ಬಂಡೆಯ ಮೇಲೆ ಬಿದ್ದುಕೊಂಡು, ಕುಡಿದ ನೀರೆಲ್ಲ ಕಕ್ಕಿ, ಮಾಮಾ ಆಡಿದ ಮೊದಲ ಮಾತು: "ಹಡಗ ತೇಲಾಕ್ಹತ್ತೇತೇನ?"

ತೇಲುತ್ತಿತ್ತು. ಎಲ್ಲ ಹಾಯಿಗೂ ಗಾಳಿ ತುಂಬಿಕೊಂಡು, ಯಾರ ಹಂಗೂ ಇಲ್ಲದೆ, ಆಚೆ ಗೋಡೆಯ ಕಡೆಗೆ ಹೊರಟಿತ್ತು.

ಅಂದಿನಿಂದ ಮೂವರಿಗೂ ನಿದ್ದೆ ಹಾರಿತು. ಮಾಮಾನಿಗೆ ಹಡಗು ನೀರಿನಲ್ಲಿದೆ ಎಂಬ ಚಿಂತೆ. ಅವರು ಅದನ್ನು ತರಲು ಎದ್ದು ಹೋದಾರು ಎಂದು ಅತ್ತಿಗೆ ಚಿಂತೆ. ಬಾಗಿಲಿಗೆ ಅಡ್ಡ ಹಾಸಿಕೊಂಡು, ಕಣ್ಣು ಬಿಟ್ಟುಕೊಂಡೇ ಮಲಗುತ್ತಿದ್ದಳು. ಬಾಗಲಕೋಟೆಯಲ್ಲಿ ನನಗೆ ಕಣ್ಣು ಮುಚ್ಚಿದರೆ ನೀರಿನ ಸದ್ದು, ಆಮೇಲೆ ಬಾರದ ಸೀಟಿ. ಚಿತ್ರಾನ್ನಕ್ಕೂ ಲಿಂಬೆಹಣ್ಣು ಬಿಟ್ಟು ಹುಣಸೆಹುಳಿ ಹಾಕುತ್ತಿದ್ದೆ. ಬೆಳಗಾಗುತ್ತಲೇ ಫೋನು ಮಾಡುತ್ತಿದ್ದೆ. ಮೊದಲ ರಿಂಗಿಗೇ ಅತ್ತಿ ಎತ್ತುತ್ತಿದ್ದಳು. "ಅದಾರವಾ, ಮನ್ಯಾಗ ಅದಾರ."

ಕೊನೆಗೆ ಅವಳೇ ಹೊರಟಳು. ಪಕ್ಕದ ಕ್ವಾರಿಯಲ್ಲಿ ಕಲ್ಲು ಎತ್ತುವ ಕ್ರೇನಿನವನ ಮುಂದೆ ನಿಂತು, "ನಮ್ಮ ಮನಿಯವರ ಹಡಗ ನೀರಾಗ ಐತಿ. ತಗದು ಕೊಡ್ರಿ" ಎಂದಳಂತೆ.

"ಹಡಗ್ರಿ, ಯಕ್ಕಾ?"

"ಹೂಂ, ಹಡಗ. ಯುದ್ಧದ್ದು."

ಅವನು ನಗಲಿಲ್ಲವಂತೆ. ಅತ್ತಿಯ ಮುಖ ನೋಡಿದವರು ಯಾರೂ ನಗುತ್ತಿರಲಿಲ್ಲ. ಕ್ರೇನಿನ ಕೊಕ್ಕೆಗೆ ಸಿಕ್ಕಿ ನಡುವಿನ ಹಾಯಿ ಹರಿಯಿತು, ನೌಕಾಪಡೆ ಗಂಟುಗಳೆಲ್ಲ ಬಿಚ್ಚಿಕೊಂಡವು. ಹಾಗೇ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಟಂಟಂನಲ್ಲಿ ಮನೆಗೆ ತಂದಳು. ಮಾಮಾನ ಮುಂದೆ ಇಟ್ಟು, "ತಗೋರಿ. ಇನ್ನ ಬಾಗಲಾ ದಾಟಿದ್ರ ನೋಡ್ರಿ" ಎಂದಳು. ಮಾಮಾ ಬಿಚ್ಚಿಹೋದ ಹಗ್ಗದ ತುದಿಗಳನ್ನು ತಾವೇ ಆಯ್ದು ಅತ್ತಿಯ ಕೈಗೆ ಕೊಟ್ಟರಂತೆ. ಅವರು ಹಾಗೆ ಸೋತದ್ದು ಮದುವೆಯಾದಾಗಿನಿಂದ ಅದೇ ಮೊದಲು.

ಮುಂದಿನ ರಜೆಗೆ ನಾನು ಹೋದಾಗ ಗಂಡ ಹೆಂಡತಿ ಮಗ್ಗದ ಪಕ್ಕದಲ್ಲಿ ಎದುರುಬದುರು ಕೂತಿದ್ದರು. ಹಡಗಿನ ಹಗ್ಗಗಳ ತುದಿಯನ್ನು ಮಾಮಾ ಎಳೆ ಎಳೆಯಾಗಿ ಹಿಡಿಯುತ್ತಿದ್ದರು, ಅತ್ತಿ ಕೊಂಡಿ ಹಾಕುತ್ತಿದ್ದಳು. ಆ ಸೀರೆ ಮಾಮಾನ ಭಾರಕ್ಕೆ ಹಿಗ್ಗಿ ಯಾರೂ ಉಡುವಂತಿರಲಿಲ್ಲ. ಅದರಿಂದ ಕತ್ತರಿಸಿದ ತುಂಡೊಂದು ನಡುವಿನ ಕಂಬದ ಮೇಲೆ ಏರಿತ್ತು: ಮೇಲೆ ಕೆಂಪು ಸೆರಗು, ಕೆಳಗೆ ಸೀರೆಯ ಕಪ್ಪು ಮೈ, ಸರಿಯಾಗಿ ನಡುವೆ ಆ ಕೊಂಡಿಯ ಗೆರೆ.

"ಮಾಮಾ, ಗುರಾಬಿಗೆ ಇಳಕಲ್ ಸೆರಗಿನ ಹಾಯಿ? ಇತಿಹಾಸದಾಗ ಎಲ್ಲೈತಿ?"

"ಇತಿಹಾಸ ನೀರಾಗ ಬಿದ್ದಿತ್ತೇನ ಅಕ್ಕೋರ? ಬಿದ್ದಾಂವ ನಾ." ಆ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. "ನನ್ನ ಭಾರ ತಡದೈತಿ ಇದು. ಗಾಳಿ ತಡೀದೇನು?"

ಅತ್ತಿ ತಲೆ ಎತ್ತಲಿಲ್ಲ. ಎಳೆಯೊಂದು ಕೈತಪ್ಪಿ, ಅದನ್ನು ಹುಡುಕುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದಳು.

ಸಂಜೆಯ ಬಸ್ಸಿಗೆ ವಾಪಸಾದೆ. ಮರುದಿನ ಬೆಳಿಗ್ಗೆ ಎಂದಿನಂತೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಕಪ್ಪು ನೀರು ಕಣ್ಣ ಮುಂದೆ ಬಂತು. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೇಬಿಟ್ಟಿದ್ದೆ, ಆಗ ಅತ್ತಿಯೇ ಫೋನು ಮಾಡಿದಳು.

"ಯವ್ವಾ, ಬಿಸಲ ಏರೇತಿ! ನಿದ್ದಿ ಹತ್ತಿಬಿಟ್ಟಿತ್ತು ನೋಡ, ಗೊತ್ತ ಆಗಲಿಲ್ಲ."

"ಮಾಮಾ?"

"ಅವರಿನ್ನೂ ಎದ್ದಿಲ್ಲ. ತಡಿ, ಕೇಳಸ್ತೇನಿ."

ಫೋನನ್ನು ಅವರ ಮೂಗಿನ ಹತ್ತಿರ ಹಿಡಿದಳು. ಗೊರಕೆ. ಘಟ್ಟ ಹತ್ತುವ ಹಳೆಯ ಬಸ್ಸಿನಂಥ ಗೊರಕೆ. ನಡುರಸ್ತೆಯಲ್ಲಿ ನಿಂತು ಕೇಳಿದೆ. ಹಿಂದಿನಿಂದ ಆಟೊದವನು ಹಾರ್ನ್ ಹೊಡೆದ, ಸರಿಯಲಿಲ್ಲ. ಮನೆಗೆ ತಿರುಗಿ ಬಂದು ಕಾಲೇಜಿಗೆ ರಜೆ ಹೇಳಿ ಮಲಗಿದೆ. ನೀರಿನ ಸದ್ದು ಬರಲಿಲ್ಲ.